ಬಾಹ್ಯ ರೋಲ್ ಕೇಜ್

ಬಾಹ್ಯ ರೋಲ್ ಕೇಜ್ ಎಂದರೆ ವಾಹನವು ಮಗುಚಿ ಬಿದ್ದಾಗ ಚಾವಣಿ ಕುಸಿದು ಒಳಗಿರುವವರಿಗೆ ಅಪಾಯವಾಗದಂತೆ, ವಾಹನದ ಮೈಯ ಹೊರಭಾಗದಲ್ಲಿ ಕಟ್ಟುವ ಉಕ್ಕಿನ ಕೊಳವೆಗಳ ಚೌಕಟ್ಟು. ಇದನ್ನು ಎಕ್ಸೋ ಕೇಜ್ ಎಂದೂ, ಕನ್ನಡದಲ್ಲಿ ಹೊರಪಂಜರ ಎಂದೂ ಕರೆಯಬಹುದು. ಮೋಟಾರು ಸ್ಪರ್ಧೆಗಳ ಕಾರುಗಳಲ್ಲಿ ಈ ಪಂಜರವು ಸಾಮಾನ್ಯವಾಗಿ ವಾಹನದ ಒಳಗಡೆ ಇರುತ್ತದೆ. ಕಾಡು, ಬೆಟ್ಟ, ಬಂಡೆ, ಕೆಸರುಗಳ ನಡುವೆ ಓಡಿಸುವ ನಾಲ್ಕು ಚಕ್ರ ಚಾಲನೆಯ ವಾಹನಗಳಲ್ಲಿ ಅದನ್ನು ಹೊರಗಡೆ ಕಟ್ಟುವ ರೂಢಿಯೂ ಇದೆ. ಇಂತಹ ಪಂಜರಗಳನ್ನು ಕೆಲವು ಕಂಪನಿಗಳು ಸಿದ್ಧರೂಪದಲ್ಲಿ ಮಾರುತ್ತವೆ. ಆದರೆ ಹವ್ಯಾಸಿಗಳು ತಮ್ಮ ಮನೆಯ ಶೆಡ್ಡಿನಲ್ಲಿ ಅಥವಾ ಪರಿಚಯದ ವೆಲ್ಡಿಂಗ್ ಅಂಗಡಿಯಲ್ಲಿ ಸ್ವತಃ ಮಾಡಿಕೊಂಡ ಪಂಜರಗಳೂ ಬಳಕೆಯಲ್ಲಿವೆ.

ನೋಡಲು ಸರಳವಾಗಿದ್ದರೂ ಹೊರಪಂಜರವು ಜೀವರಕ್ಷಣೆಯ ಸಾಧನ. ಅದರ ಬಲವು ಕೊಳವೆಯ ದಪ್ಪಕ್ಕಿಂತ ಹೆಚ್ಚಾಗಿ ಮೂರು ಸಂಗತಿಗಳನ್ನು ಅವಲಂಬಿಸಿದೆ: ಕೊಳವೆಗಳು ತ್ರಿಕೋನಾಕಾರದಲ್ಲಿ ಕೂಡಿರುವುದು, ಪ್ರತಿಯೊಂದು ಸಂಧಿಯ ಬೆಸುಗೆ ಪೂರ್ಣವಾಗಿರುವುದು, ಹಾಗೂ ಪಂಜರದ ಪಾದಗಳು ವಾಹನದ ಚಾಸಿಗೆ ಭದ್ರವಾಗಿ ಸೇರಿರುವುದು. ಇವುಗಳಲ್ಲಿ ಒಂದು ತಪ್ಪಿದರೂ ಪಂಜರವು ಕೇವಲ ಅಲಂಕಾರವಾಗುತ್ತದೆ. ಕೆಲವೊಮ್ಮೆ ಇಲ್ಲದಿದ್ದರೇ ಮೇಲು ಎನ್ನುವಷ್ಟು ಅಪಾಯಕಾರಿಯೂ ಆಗಬಹುದು.

## ಹಿನ್ನೆಲೆ

ಮಗುಚುವ ವಾಹನದಿಂದ ಚಾಲಕನನ್ನು ಕಾಪಾಡುವ ಚೌಕಟ್ಟಿನ ಕಲ್ಪನೆ ಹೊಲದಲ್ಲಿಯೂ ಸ್ಪರ್ಧಾ ಮೈದಾನದಲ್ಲಿಯೂ ಹೆಚ್ಚು ಕಡಿಮೆ ಒಂದೇ ಕಾಲದಲ್ಲಿ ಬೆಳೆಯಿತು. ಇಳಿಜಾರಿನ ಹೊಲಗಳಲ್ಲಿ ಟ್ರ್ಯಾಕ್ಟರು ಮಗುಚಿ ರೈತರು ಸಾಯುವುದನ್ನು ತಡೆಯಲು ಸ್ವೀಡನ್ ದೇಶವು 1959ರಲ್ಲಿ ಹೊಸ ಟ್ರ್ಯಾಕ್ಟರುಗಳಿಗೆ ರಕ್ಷಣಾ ಚೌಕಟ್ಟನ್ನು ಕಡ್ಡಾಯಗೊಳಿಸಿತು. ಅನಂತರ ಅಲ್ಲಿ ಇಂತಹ ಸಾವುಗಳು ಗಣನೀಯವಾಗಿ ಇಳಿದವು. ಬೇರೆ ದೇಶಗಳೂ ಇದೇ ಮಾರ್ಗವನ್ನು ಅನುಸರಿಸಿದವು. 1961ರಲ್ಲಿ ಫಾರ್ಮುಲಾ ಒನ್ ಕಾರುಗಳಲ್ಲಿ ಚಾಲಕನ ತಲೆಯ ಹಿಂದೆ ರೋಲ್ ಬಾರ್ ಎಂಬ ಕಮಾನು ಕಡ್ಡಾಯವಾಯಿತು. ಒಂಟಿ ಕಮಾನಿನಿಂದ ಆರಂಭವಾದ ಈ ವ್ಯವಸ್ಥೆಯು ಕ್ರಮೇಣ ಚಾಲಕನನ್ನು ಎಲ್ಲ ದಿಕ್ಕುಗಳಿಂದ ಸುತ್ತುವರಿಯುವ ಪಂಜರವಾಗಿ ಬೆಳೆಯಿತು.

ಹೊರಪಂಜರಕ್ಕೆ ಪ್ರಸಿದ್ಧಿ ತಂದುಕೊಟ್ಟವುಗಳಲ್ಲಿ ಕ್ಯಾಮೆಲ್ ಟ್ರೋಫಿ ಎಂಬ ಸಾಹಸಯಾತ್ರೆ ಮುಖ್ಯವಾದುದು. 1980ರಲ್ಲಿ ಬ್ರೆಜಿಲಿನ ಅಮೆಜಾನ್ ಕಾಡುದಾರಿಯಲ್ಲಿ ಜೀಪುಗಳೊಂದಿಗೆ ಆರಂಭವಾದ ಈ ಯಾತ್ರೆಯು 2000ದವರೆಗೆ ನಡೆಯಿತು. 1981ರಿಂದ ಅನೇಕ ವರ್ಷಗಳ ಕಾಲ ಅದರಲ್ಲಿ ಲ್ಯಾಂಡ್ ರೋವರ್ ಕಂಪನಿಯ ವಾಹನಗಳು ಬಳಕೆಯಾದವು. ಕೆಸರು ಮೆತ್ತಿದ ಹಳದಿ ಬಣ್ಣದ ಆ ವಾಹನಗಳ ಚಿತ್ರಗಳು ಜಗತ್ತಿನಾದ್ಯಂತ ಹರಡಿ, ಕಾಡುದಾರಿಯ ವಾಹನವೆಂದರೆ ಪಂಜರ, ವಿಂಚು, ಚಾವಣಿಯ ಸಾಮಾನು ಚೌಕಟ್ಟು ಇರಬೇಕೆಂಬ ಭಾವನೆಯನ್ನು ಬೆಳೆಸಿದವು. 1993ರಲ್ಲಿ ಲ್ಯಾಂಡ್ ರೋವರ್ ಕಂಪನಿಯು ಅಮೆರಿಕದ ಮಾರುಕಟ್ಟೆಗೆ ಕಳುಹಿಸಿದ ಡಿಫೆಂಡರ್ 110 ವಾಹನಗಳು ಹೊರಪಂಜರದೊಂದಿಗೇ ಮಾರಾಟವಾದವು. ಹೊರಪಂಜರವು ಒಂದು ಮಾದರಿಯ ಮೂಲ ಸಜ್ಜಿಕೆಯ ಭಾಗವಾಗಿ ಬಂದುದಕ್ಕೆ ಇದೊಂದು ಒಳ್ಳೆಯ ಉದಾಹರಣೆ.

ಅಮೆರಿಕದಲ್ಲಿ ಬಂಡೆಗಳ ಮೇಲೆ ನಿಧಾನವಾಗಿ ಹತ್ತಿಳಿಯುವ ರಾಕ್ ಕ್ರಾಲಿಂಗ್ ಹವ್ಯಾಸವು ಬೆಳೆದಂತೆ ಜೀಪ್ ಚೆರೋಕಿ, ಸುಜುಕಿ ಸಮುರಾಯ್, ಟೊಯೋಟಾ ಪಿಕಪ್ ಮುಂತಾದ ವಾಹನಗಳಿಗೆ ಹೊರಪಂಜರ ಕಟ್ಟುವುದು ರೂಢಿಗೆ ಬಂದಿತು. ಬಂಡೆಗೆ ಒರಗಿ ಮೈ ಜಜ್ಜಿಹೋಗದಂತೆ ಕಾಪಾಡುವುದು ಇಲ್ಲಿ ಚಾವಣಿಯ ರಕ್ಷಣೆಯಷ್ಟೇ ಮುಖ್ಯವಾದ ಉದ್ದೇಶವಾಗಿತ್ತು.

## ವಾಹನ ಮಗುಚುವ ಬಗೆ

ಕಚ್ಚಾ ದಾರಿಗಳಲ್ಲಿ ವಾಹನವು ಮುಖ್ಯವಾಗಿ ಮೂರು ಬಗೆಯಲ್ಲಿ ಮಗುಚುತ್ತದೆ. ಮೊದಲನೆಯದು, ಅಡ್ಡ ಇಳಿಜಾರಿನಲ್ಲಿ ಅಥವಾ ಬಂಡೆಯ ಮೇಲೆ ನಿಧಾನವಾಗಿ ಪಕ್ಕಕ್ಕೆ ಒರಗಿ ಬೀಳುವುದು. ಎರಡನೆಯದು, ಕಡಿದಾದ ಏರನ್ನು ಹತ್ತಲಾಗದೆ ಹಿಂದಕ್ಕೆ ಜಾರಿ, ಅಡ್ಡ ತಿರುಗಿ ಉರುಳುವುದು. ಮೂರನೆಯದು, ವೇಗವಾಗಿ ಹೋಗುವಾಗ ಚಕ್ರವು ಹಳ್ಳಕ್ಕೋ ಕಲ್ಲಿಗೋ ಸಿಕ್ಕಿ ಹಲವು ಸುತ್ತು ಪಲ್ಟಿ ಹೊಡೆಯುವುದು. ಮೊದಲ ಬಗೆಯಲ್ಲಿ ಪಂಜರದ ಮೇಲೆ ಬೀಳುವ ಹೊರೆ ಸೀಮಿತವಾದುದು. ಮೂರನೆಯ ಬಗೆಯಲ್ಲಿ ಅದು ವಾಹನದ ತೂಕದ ಹಲವು ಪಟ್ಟು ಆಗಬಲ್ಲದು.

ವಾಹನವು ಮಗುಚಿದಾಗ ಚಾವಣಿಯು ಸಮತಟ್ಟಾಗಿ ನೆಲಕ್ಕೆ ತಾಗುವುದು ಅಪರೂಪ. ಸಾಮಾನ್ಯವಾಗಿ ಚಾವಣಿಯ ಒಂದು ಅಂಚು ಅಥವಾ ಮುಂದಿನ ಒಂದು ಮೂಲೆ ಮೊದಲು ತಾಗುತ್ತದೆ. ಆದುದರಿಂದ ಬಲವು ನೇರವಾಗಿ ಮೇಲಿನಿಂದ ಕೆಳಕ್ಕೆ ಬರದೆ ಓರೆಯಾಗಿ ಬರುತ್ತದೆ. ನಾಲ್ಕು ನೆಟ್ಟಗಿನ ಕಂಬಗಳ ಮೇಲೆ ಚೌಕಟ್ಟನ್ನಿಟ್ಟು ಕಟ್ಟಿದ ಪಂಜರವು ಮೇಲಿನಿಂದ ಬರುವ ಹೊರೆಯನ್ನು ತಾಳಬಹುದು. ಓರೆಯಾದ ತಳ್ಳುವಿಕೆಗೆ ಮಾತ್ರ ಅದು ಆಯತದಿಂದ ಸಮಾಂತರ ಚತುರ್ಭುಜವಾಗಿ ಬಾಗಿ ಮಲಗಿಬಿಡುತ್ತದೆ. ತೋಟದ ಮರದ ಗೇಟಿಗೆ ಒಂದು ಓರೆಪಟ್ಟಿ ಹೊಡೆದರೆ ಅದು ಜೋತುಬೀಳದೆ ನಿಲ್ಲುವುದಕ್ಕೆ ಕಾರಣವಾದ ತತ್ತ್ವವೇ ಇಲ್ಲಿಯೂ ಅನ್ವಯಿಸುತ್ತದೆ. ಬಾಹುಗಳ ಉದ್ದ ಬದಲಾಗದೆ ತ್ರಿಕೋನದ ಆಕಾರ ಬದಲಾಗಲಾರದು.

## ರಚನೆ

ಹೊರಪಂಜರದ ಮುಖ್ಯ ಭಾಗಗಳು ಹೀಗಿವೆ:

- ಮುಖ್ಯ ಕಮಾನು: ಮುಂದಿನ ಆಸನಗಳ ಹಿಂದೆ, ಬಾಗಿಲಿನ ಹಿಂಗಂಬದ ಸಾಲಿನಲ್ಲಿ, ಒಂದು ಬದಿಯಿಂದ ಚಾವಣಿಯ ಮೇಲಾಗಿ ಇನ್ನೊಂದು ಬದಿಗೆ ಇಳಿಯುವ ಕೊಳವೆ. ಪಂಜರದ ಬೆನ್ನೆಲುಬು ಇದೇ. ಸಾಧ್ಯವಾದಷ್ಟು ಮಟ್ಟಿಗೆ ಇದನ್ನು ನಡುವೆ ಜೋಡಣೆಯಿಲ್ಲದ ಒಂದೇ ಕೊಳವೆಯಿಂದ ಬಾಗಿಸಲಾಗುತ್ತದೆ.
- ಮುಂಗಮಾನು: ಮುಂದಿನ ಗಾಜಿನ ಇಕ್ಕೆಲದ ಕಂಬಗಳಿಗೆ ಸಮಾಂತರವಾಗಿ ಏರಿ, ಗಾಜಿನ ಮೇಲಂಚಿನಲ್ಲಿ ಕೂಡುವ ಕೊಳವೆ.
- ಚಾವಣಿ ಕೊಳವೆಗಳು: ಎರಡು ಕಮಾನುಗಳನ್ನು ಉದ್ದಕ್ಕೂ ಕೂಡಿಸುವ ಕೊಳವೆಗಳು. ಇವುಗಳ ನಡುವೆ ಒಂದು ಓರೆ ಕೊಳವೆಯನ್ನೋ ಎರಡು ಓರೆ ಕೊಳವೆಗಳನ್ನೋ ಹಾಕಿ ಚಾವಣಿಯನ್ನು ತ್ರಿಕೋನಗಳಾಗಿ ವಿಭಾಗಿಸುತ್ತಾರೆ.
- ಹಿಂಬದಿಯ ಆನಿಕೆಗಳು: ಮುಖ್ಯ ಕಮಾನಿನ ಮೇಲ್ತುದಿಯಿಂದ ಹಿಂದಕ್ಕೆ ಇಳಿದು ಚಾಸಿಯ ಹಿಂಭಾಗವನ್ನು ಸೇರುವ ಕೊಳವೆಗಳು. ಕಮಾನು ಮುಂದಕ್ಕಾಗಲಿ ಹಿಂದಕ್ಕಾಗಲಿ ಮಲಗದಂತೆ ಇವು ತಡೆಯುತ್ತವೆ.
- ಪಕ್ಕದ ಅಡಿಕೊಳವೆಗಳು: ಬಾಗಿಲುಗಳ ಕೆಳಗೆ ಚಾಸಿಯಿಂದ ಹೊರಚಾಚಿದ ತೋಳುಗಳಿಗೆ ಬೆಸೆದಿರುವ, ವಾಹನದ ಉದ್ದಕ್ಕೂ ಸಾಗುವ ಕೊಳವೆಗಳು. ರಾಕ್ ಸ್ಲೈಡರ್ ಎಂದು ಕರೆಯುವ ಇವು ಬಂಡೆಯ ಮೇಲೆ ವಾಹನ ಜಾರುವಾಗ ಮೈಯನ್ನು ಕಾಯುತ್ತವೆ. ಅನೇಕ ಹೊರಪಂಜರಗಳ ಕಂಬಗಳು ಇವುಗಳ ಮೇಲೆಯೇ ನಿಲ್ಲುತ್ತವೆ.
- ಪಾದ ತಗಡುಗಳು: ಪ್ರತಿ ಕಂಬದ ಬುಡದಲ್ಲಿ ಹೊರೆಯನ್ನು ಹರಡಲು ಇರುವ ದಪ್ಪ ತಗಡುಗಳು.

ಹೊರಪಂಜರದ ಒಂದು ಮುಖ್ಯ ದೌರ್ಬಲ್ಯವೂ ಇಲ್ಲಿಯೇ ಇದೆ. ಒಳಪಂಜರದಲ್ಲಿ ಮುಖ್ಯ ಕಮಾನಿನ ಮಧ್ಯಕ್ಕೆ ಆಸನಗಳ ಹಿಂದೆ ಓರೆ ಕೊಳವೆಯನ್ನು ಹಾಕುವುದು ಸುಲಭ. ಹೊರಪಂಜರದಲ್ಲಿ ಕಮಾನಿನ ನಡುವೆ ವಾಹನದ ಮೈಯೇ ಇರುವುದರಿಂದ ಅಲ್ಲಿ ಓರೆ ಕೊಳವೆಗೆ ಜಾಗವಿಲ್ಲ. ಪಕ್ಕಕ್ಕೆ ಮಲಗುವ ಬಲವನ್ನು ತಾಳಲು ಹೊರಪಂಜರವು ಚಾವಣಿಯ ಓರೆ ಕೊಳವೆಗಳು, ಹಿಂಬದಿಯ ಆನಿಕೆಗಳ ನಡುವಣ ಓರೆ ಕೊಳವೆ ಮತ್ತು ಸಂಧಿಗಳ ಮೂಲೆ ತಗಡುಗಳನ್ನು ಅವಲಂಬಿಸಬೇಕಾಗುತ್ತದೆ. ಇದೇ ಕಾರಣದಿಂದ ಕೆಲವರು ಹೊರಪಂಜರವನ್ನು ಒಳಗಿನ ಮುಖ್ಯ ಕಮಾನಿನೊಂದಿಗೆ, ಚಾವಣಿಯ ಮೂಲಕ ಹಾದುಹೋಗುವ ಗಟ್ಟಿ ಜೋಡಣೆಗಳಿಂದ, ಕೂಡಿಸುತ್ತಾರೆ.

## ಚಾಸಿಗೆ ಜೋಡಣೆ

ಪಂಜರವನ್ನು ಎಲ್ಲಿಗೆ ಜೋಡಿಸಬೇಕೆಂಬುದು ವಾಹನದ ರಚನೆಯನ್ನು ಅವಲಂಬಿಸಿದೆ. ಲ್ಯಾಂಡ್ ರೋವರ್ ಡಿಫೆಂಡರ್ (2016ರವರೆಗಿನ ಹಳೆಯ ಮಾದರಿ), ಸುಜುಕಿ ಜಿಮ್ನಿ, ಮಾರುತಿ ಜಿಪ್ಸಿ, ಮಹೀಂದ್ರ ಥಾರ್ ಮೊದಲಾದವುಗಳಲ್ಲಿ ಏಣಿಯಾಕಾರದ ಪ್ರತ್ಯೇಕ ಚಾಸಿಯ ಮೇಲೆ ಮೈಯನ್ನು ಕೂರಿಸಿರುತ್ತಾರೆ. ಇದಕ್ಕೆ ವಿರುದ್ಧವಾಗಿ 1984ರಿಂದ ತಯಾರಾದ ಜೀಪ್ ಚೆರೋಕಿಯಂತಹ ವಾಹನಗಳಲ್ಲಿ ಚಾಸಿ ಮತ್ತು ಮೈ ಒಂದೇ ರಚನೆಯಾಗಿರುತ್ತವೆ.

ಪ್ರತ್ಯೇಕ ಚಾಸಿಯ ವಾಹನದಲ್ಲಿ ಪಂಜರದ ಪಾದಗಳು ಚಾಸಿಗೆ ಸೇರಬೇಕು. ಮೈಯ ತೆಳು ತಗಡಿಗೆ ಬೋಲ್ಟು ಹಾಕಿ ನಿಲ್ಲಿಸಿದ ಕಂಬವು ವಾಹನ ಮಗುಚಿದಾಗ ಆ ತಗಡನ್ನು ಸೀಳಿಕೊಂಡು ಕೆಳಗಿಳಿಯುತ್ತದೆ. ಕೊಳವೆ ಬಾಗುವ ಮೊದಲೇ ಪಂಜರವು ಕುಸಿದಿರುತ್ತದೆ. ಮನೆಯಲ್ಲಿ ಮಾಡಿದ ಪಂಜರಗಳಲ್ಲಿ ಬಹಳ ಸಲ ಕಂಡುಬರುವ ದೋಷ ಇದು. ಮಳೆನೀರು ಇಳಿಯುವ ಚಾವಣಿ ಅಂಚಿಗೆ ಕ್ಲಾಂಪು ಹಾಕಿ ಕೂರಿಸಿದ ಕೊಳವೆಗಳು ಸಾಮಾನು ಹೊರುವ ಚೌಕಟ್ಟುಗಳಷ್ಟೇ ಹೊರತು ಪಂಜರಗಳಲ್ಲ.

ಇಲ್ಲಿ ಇನ್ನೊಂದು ತೊಡಕಿದೆ. ಏಣಿ ಚಾಸಿಯು ಕಚ್ಚಾ ದಾರಿಯಲ್ಲಿ ತಿರುಚಿಕೊಳ್ಳುತ್ತದೆ. ಮೈ ಮತ್ತು ಚಾಸಿಗಳ ನಡುವೆ ರಬ್ಬರಿನ ಮೆತ್ತೆಗಳಿರುವುದರಿಂದ ಎರಡೂ ತುಸು ಬೇರೆ ಬೇರೆಯಾಗಿ ಅಲುಗಾಡುತ್ತವೆ. ಒಂದು ಕಂಬವನ್ನು ಚಾಸಿಗೂ ಮತ್ತೊಂದನ್ನು ಮೈಗೂ ಬಿಗಿದರೆ ಈ ಅಲುಗಾಟವೆಲ್ಲ ಪಂಜರದ ಮೂಲಕ ಹಾಯ್ದು, ಗಾಜು ಬಿರಿಯುವುದು, ಬಾಗಿಲು ಕೂರದಿರುವುದು, ಬೆಸುಗೆಯ ಬುಡದಲ್ಲಿ ಬಿರುಕು ಮೂಡುವುದು ಮುಂತಾದ ತೊಂದರೆಗಳಾಗುತ್ತವೆ. ಇದಕ್ಕೆ ಎರಡು ಪರಿಹಾರಗಳಿವೆ: ಎಲ್ಲ ಪಾದಗಳನ್ನೂ ಚಾಸಿಗೆ ಬಿಗಿದು ಮೈಗೂ ಕೊಳವೆಗೂ ನಡುವೆ ಅಲುಗಾಟಕ್ಕೆ ಬೇಕಾದಷ್ಟು ತೆರಪು ಬಿಡುವುದು; ಅಥವಾ ಮೈಗೆ ತಾಗುವ ಜೋಡಣೆಗಳಲ್ಲಿ ರಬ್ಬರ್ ಬುಷ್‌ಗಳನ್ನು ಬಳಸುವುದು. ಮೊದಲ ವಿಧಾನದಲ್ಲಿ ಆಸನಗಳು ಮೈಗೆ ಸೇರಿರುವುದರಿಂದ ಮೈಯನ್ನು ಚಾಸಿಗೆ ಹಿಡಿದಿಡುವ ಬೋಲ್ಟುಗಳು ಸುಸ್ಥಿತಿಯಲ್ಲಿರಬೇಕು.

ಚಾಸಿ ಮತ್ತು ಮೈ ಒಂದಾಗಿರುವ ವಾಹನಗಳಲ್ಲಿ ಪಾದಗಳನ್ನು ತಳಭಾಗದ ಪೆಟ್ಟಿಗೆಯಾಕಾರದ ದೂಲಗಳಿಗೆ ಸೇರಿಸಿ, ತಗಡಿನ ಎರಡೂ ಬದಿಗಳಲ್ಲಿ ಬಲವರ್ಧಕ ತಗಡುಗಳನ್ನಿಟ್ಟು ಬಿಗಿಯುತ್ತಾರೆ. ಡಿಫೆಂಡರ್‌ನಂತಹ ವಾಹನಗಳ ಮೈ ಬಹುಪಾಲು ಅಲ್ಯೂಮಿನಿಯಂನಿಂದ ಆಗಿದೆ. ಉಕ್ಕು ಮತ್ತು ಅಲ್ಯೂಮಿನಿಯಂ ನೇರವಾಗಿ ತಾಗಿಕೊಂಡಿದ್ದು ನಡುವೆ ನೀರು ಸೇರಿದರೆ ಅಲ್ಯೂಮಿನಿಯಂ ಬೇಗನೆ ಕೊರೆದುಹೋಗುತ್ತದೆ. ಆದ್ದರಿಂದ ಅಂತಹ ಕಡೆ ರಬ್ಬರ್ ಹಾಳೆಯನ್ನೋ ಸೀಲಂಟನ್ನೋ ನಡುವೆ ಇಡಬೇಕಾಗುತ್ತದೆ.

## ಕೊಳವೆಯ ಆಯ್ಕೆ

ಅಂತರರಾಷ್ಟ್ರೀಯ ಮೋಟಾರು ಸ್ಪರ್ಧೆಗಳನ್ನು ನಿಯಂತ್ರಿಸುವ ಎಫ್‌ಐಎ ಸಂಸ್ಥೆಯು ತನ್ನ ನಿಯಮಾವಳಿಯ ಜೆ ಅನುಬಂಧದ 253ನೆಯ ವಿಧಿಯಲ್ಲಿ ಪಂಜರದ ಕೊಳವೆಗಳ ಕನಿಷ್ಠ ಗುಣಮಟ್ಟವನ್ನು ಹೇಳಿದೆ. ಅದರಂತೆ ಕೊಳವೆಯು ತಣ್ಣಗಿನ ಸ್ಥಿತಿಯಲ್ಲಿ ಎಳೆದು ತಯಾರಿಸಿದ, ಸೀಳುಬೆಸುಗೆಯಿಲ್ಲದ, ಮಿಶ್ರಲೋಹವಲ್ಲದ ಇಂಗಾಲದ ಉಕ್ಕಿನದಾಗಿರಬೇಕು. ಉಕ್ಕಿನ ಕರ್ಷಣ ಸಾಮರ್ಥ್ಯ ಪ್ರತಿ ಚದರ ಮಿಲಿಮೀಟರಿಗೆ ಕನಿಷ್ಠ 350 ನ್ಯೂಟನ್ ಇರಬೇಕು. ಮುಖ್ಯ ಕಮಾನಿಗೆ 45 ಮಿ.ಮೀ. ಹೊರವ್ಯಾಸ ಮತ್ತು 2.5 ಮಿ.ಮೀ. ಗೋಡೆದಪ್ಪದ ಅಥವಾ 50 ಮಿ.ಮೀ. ವ್ಯಾಸ ಮತ್ತು 2 ಮಿ.ಮೀ. ದಪ್ಪದ ಕೊಳವೆ ಬೇಕು. ಇತರ ಭಾಗಗಳಿಗೆ 38 ಮಿ.ಮೀ. ವ್ಯಾಸ, 2.5 ಮಿ.ಮೀ. ದಪ್ಪ ಅಥವಾ 40 ಮಿ.ಮೀ. ವ್ಯಾಸ, 2 ಮಿ.ಮೀ. ದಪ್ಪ ಸಾಕು. ಈ ನಿಯಮಗಳು ಸ್ಪರ್ಧಾ ವಾಹನಗಳ ಒಳಪಂಜರಗಳನ್ನು ಗಮನದಲ್ಲಿಟ್ಟು ರಚಿತವಾದವು. ಆದರೂ ಹೊರಪಂಜರ ಕಟ್ಟುವವರು ಇವನ್ನು ಅಳತೆಗೋಲಾಗಿ ಬಳಸುವುದುಂಟು. ಅಮೆರಿಕದ ಹವ್ಯಾಸಿಗಳಲ್ಲಿ 1.75 ಅಂಗುಲ ಹೊರವ್ಯಾಸ ಮತ್ತು 0.120 ಅಂಗುಲ ದಪ್ಪದ, ಎಂದರೆ ಸುಮಾರು 44.5 ಮಿ.ಮೀ. ಮತ್ತು 3 ಮಿ.ಮೀ. ಅಳತೆಯ ಕೊಳವೆ ಹೆಚ್ಚು ಬಳಕೆಯಲ್ಲಿದೆ.

ಕೊಳವೆಯು ಬಾಗದೆ ನಿಲ್ಲುವ ಶಕ್ತಿಯು ಅದರ ವ್ಯಾಸದೊಂದಿಗೆ ಬಹಳ ವೇಗವಾಗಿ ಹೆಚ್ಚುತ್ತದೆ. 2.5 ಮಿ.ಮೀ. ದಪ್ಪದ ಎರಡು ಕೊಳವೆಗಳಲ್ಲಿ 38 ಮಿ.ಮೀ. ವ್ಯಾಸದ್ದಕ್ಕಿಂತ 45 ಮಿ.ಮೀ. ವ್ಯಾಸದ್ದು ಬಾಗುವಿಕೆಯನ್ನು ಸುಮಾರು 1.7 ಪಟ್ಟು ಹೆಚ್ಚಾಗಿ ವಿರೋಧಿಸುತ್ತದೆ. ತೂಕದಲ್ಲಿ ಹೆಚ್ಚುವುದು ಮಾತ್ರ ಐದನೆಯ ಒಂದು ಭಾಗದಷ್ಟು.

ಮನೆಯಲ್ಲಿ ಪಂಜರ ಮಾಡುವವರು ನೀರಿನ ಪೈಪನ್ನು ಬಳಸುವುದುಂಟು, ಇದು ತಕ್ಕುದಲ್ಲ. ನೀರಿನ ಪೈಪಿನ ಅಳತೆಯನ್ನು ಹೆಸರಿಗೆ ಮಾತ್ರ ಒಳವ್ಯಾಸದಲ್ಲಿ ಹೇಳುತ್ತಾರೆ. ಒಂದೂವರೆ ಇಂಚಿನ ಪೈಪಿನ ಹೊರವ್ಯಾಸ ನಿಜದಲ್ಲಿ ಸುಮಾರು 48 ಮಿ.ಮೀ. ಇರುತ್ತದೆ. ಅದನ್ನು ತಯಾರಿಸುವುದು ದ್ರವವನ್ನು ಸಾಗಿಸಲು. ರಚನೆಯ ಹೊರೆಯನ್ನು ಹೊರಲು ಅಲ್ಲ. ಸತುವಿನ ಲೇಪವಿರುವ ಜಿಐ ಪೈಪಿನಲ್ಲಿ ಇನ್ನೂ ಒಂದು ಅಪಾಯವಿದೆ. ಉಕ್ಕು ಕರಗುವ ಉಷ್ಣತೆಗೆ ಬಹಳ ಮೊದಲೇ, ಸುಮಾರು 907 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸತುವು ಕುದಿದು ಆವಿಯಾಗುತ್ತದೆ. ಆ ಹೊಗೆಯನ್ನು ಸೇವಿಸಿದ ಬೆಸುಗೆಗಾರನಿಗೆ ಚಳಿಜ್ವರದಂತಹ ತೊಂದರೆ ಉಂಟಾಗುತ್ತದೆ. ಬೆಸುಗೆಯಲ್ಲಿಯೂ ಸಣ್ಣ ಸಣ್ಣ ರಂಧ್ರಗಳುಳಿದು ಅದು ದುರ್ಬಲವಾಗುತ್ತದೆ.

ಕ್ರೋಮಿಯಂ ಮತ್ತು ಮಾಲಿಬ್ಡಿನಂ ಬೆರೆತ ಕ್ರೋಮೋಲಿ ಉಕ್ಕು ಸಾದಾ ಉಕ್ಕಿಗಿಂತ ಬಲವಾದುದು. ಆದರೆ ಬೆಸೆದ ಭಾಗವು ಬೇಗ ತಣಿದರೆ ಅದು ಪೆಡಸಾಗಿ ಬಿರಿಯುವ ಸಂಭವವಿದೆ. ಆದ್ದರಿಂದ ನುರಿತ ಬೆಸುಗೆಗಾರರಿಲ್ಲದ ಕಡೆ ಸಾದಾ ಇಂಗಾಲದ ಉಕ್ಕೇ ಸುರಕ್ಷಿತ ಆಯ್ಕೆ ಎನಿಸಿದೆ. ಪಂಜರದ ಉಕ್ಕು ಗಾಜಿನಂತೆ ಒಡೆಯದೆ ಬಾಗುತ್ತಾ ಪೆಟ್ಟಿನ ಶಕ್ತಿಯನ್ನು ಹೀರಿಕೊಳ್ಳಬೇಕು.

## ತಯಾರಿಕೆ

### ಅಳತೆ ಮತ್ತು ಮಾದರಿ

ಕೆಲಸವು ಅಳತೆಯಿಂದ ಆರಂಭವಾಗುತ್ತದೆ. ವಾಹನವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ನಡುಗೆರೆಯನ್ನು ಗುರುತಿಸಿ, ಎರಡೂ ಬದಿಗಳ ಅಳತೆಗಳನ್ನು ತೆಗೆದುಕೊಳ್ಳುತ್ತಾರೆ. ಹಳೆಯ ವಾಹನಗಳ ಎಡಬಲಗಳು ನಿಖರವಾಗಿ ಸಮನಾಗಿರುವುದಿಲ್ಲ. ತೆಳುವಾದ ಪಿವಿಸಿ ಪೈಪು ಅಥವಾ ಬಾಗಿಸಬಹುದಾದ ಕಂಬಿಯಿಂದ ಮಾದರಿಯನ್ನು ಕಟ್ಟಿ ನೋಡಿದರೆ, ಬಾಗಿಲು ಪೂರ್ತಿ ತೆರೆಯುವುದೇ, ಬಾನೆಟ್ ಏಳುವುದೇ, ಚಾಲಕನ ನೋಟಕ್ಕೆ ಕೊಳವೆ ಅಡ್ಡ ಬರುವುದೇ, ಇಂಧನ ತುಂಬುವ ಬಾಯಿ ಮುಚ್ಚಿಹೋಗುವುದೇ ಎಂಬುದೆಲ್ಲ ಉಕ್ಕನ್ನು ಕತ್ತರಿಸುವ ಮುನ್ನವೇ ತಿಳಿಯುತ್ತದೆ.

### ಬಾಗಿಸುವುದು

ಕೊಳವೆಯನ್ನು ತಣ್ಣಗಿರುವಾಗಲೇ, ಅದರ ವ್ಯಾಸಕ್ಕೆ ತಕ್ಕ ಅಚ್ಚಿರುವ ಯಂತ್ರದಲ್ಲಿ ಬಾಗಿಸಲಾಗುತ್ತದೆ. ಬಾಗಿನ ನಡುಗೆರೆಯ ತ್ರಿಜ್ಯವು ಕೊಳವೆಯ ವ್ಯಾಸದ ಕನಿಷ್ಠ ಮೂರು ಪಟ್ಟು ಇರಬೇಕೆಂದು ಎಫ್‌ಐಎ ನಿಯಮ ಹೇಳುತ್ತದೆ. ಎಂದರೆ 45 ಮಿ.ಮೀ. ಕೊಳವೆಗೆ 135 ಮಿ.ಮೀ. ತ್ರಿಜ್ಯ. ಅದಕ್ಕಿಂತ ಚೂಪಾಗಿ ಬಾಗಿಸಿದರೆ ಒಳಬದಿಯಲ್ಲಿ ಸುಕ್ಕು ಬೀಳುತ್ತದೆ, ಹೊರಬದಿಯ ಗೋಡೆ ತೆಳುವಾಗುತ್ತದೆ, ಕೊಳವೆ ಚಪ್ಪಟೆಯಾಗುತ್ತದೆ. ಸುಕ್ಕುಬಿದ್ದ ಜಾಗವೇ ಅಪಘಾತದಲ್ಲಿ ಮೊದಲು ಮಡಚಿಕೊಳ್ಳುವ ಜಾಗ. ಪ್ಲಂಬಿಂಗ್ ಕೆಲಸಕ್ಕೆ ಬಳಸುವ, ನಡುವೆ ಒತ್ತಿ ಬಾಗಿಸುವ ಜಾಕ್ ಯಂತ್ರಗಳಿಂದ ಇಂತಹ ಸುಕ್ಕು ಬೀಳುವ ಸಂಭವ ಹೆಚ್ಚು. ಬಾಗಿಸಿದ ಕೊಳವೆ ತುಸು ಹಿಂದಕ್ಕೆ ಪುಟಿಯುವುದರಿಂದ ಬೇಕಾದ ಕೋನಕ್ಕಿಂತ ಕೊಂಚ ಹೆಚ್ಚು ಬಾಗಿಸುತ್ತಾರೆ.

### ಬಾಯಿ ಕತ್ತರಿಸುವುದು

ಒಂದು ಕೊಳವೆಯ ತುದಿ ಇನ್ನೊಂದರ ಬೆನ್ನಿಗೆ ಸರಿಯಾಗಿ ಒರಗಲು ಅದರ ತುದಿಯನ್ನು ಮೀನಿನ ಬಾಯಿಯಂತೆ ವಕ್ರವಾಗಿ ಕತ್ತರಿಸಬೇಕು. ಇದನ್ನು ರಂಧ್ರಗರಗಸದಿಂದ ಅಥವಾ ಕಾಗದದ ಅಚ್ಚು ಸುತ್ತಿ ಗ್ರೈಂಡರಿನಿಂದ ಮಾಡುತ್ತಾರೆ. ಎರಡು ಕೊಳವೆಗಳ ನಡುವೆ ಕಣ್ಣಿಗೆ ಕಾಣುವ ತೆರಪು ಇರಬಾರದು. ದೊಡ್ಡ ತೆರಪನ್ನು ಬೆಸುಗೆಯ ಲೋಹದಿಂದ ತುಂಬಿಸುವುದು ಹೊರನೋಟಕ್ಕೆ ಚೆನ್ನಾಗಿ ಕಂಡರೂ ಬಲದಲ್ಲಿ ಬಹಳ ಕೆಳಮಟ್ಟದ್ದಾಗಿರುತ್ತದೆ.

### ಬೆಸುಗೆ

ಮೊದಲು ಎಲ್ಲ ಸಂಧಿಗಳಿಗೂ ಚುಕ್ಕೆ ಬೆಸುಗೆ ಹಾಕಿ, ಅಳತೆಗಳನ್ನು ಮತ್ತೊಮ್ಮೆ ಪರಿಶೀಲಿಸಿ, ಆಮೇಲೆ ಪೂರ್ಣ ಬೆಸುಗೆ ಮಾಡುತ್ತಾರೆ. ಒಂದೇ ಬದಿಯನ್ನು ಪೂರ್ತಿ ಮುಗಿಸಿದರೆ ಶಾಖದಿಂದ ಪಂಜರ ಸೊಟ್ಟಗಾಗುತ್ತದೆ. ಆದ್ದರಿಂದ ಎಡಬಲಗಳಲ್ಲಿ ಬದಲಿಸುತ್ತಾ ಸಾಗಬೇಕು. ಪ್ರತಿ ಸಂಧಿಯನ್ನೂ ಕೊಳವೆಯ ಸುತ್ತ ಪೂರ್ತಿಯಾಗಿ ಬೆಸೆಯಬೇಕು. ಚಾವಣಿಗೆ ಹತ್ತಿರವಿರುವ ಸಂಧಿಗಳ ಕೆಳಬದಿಗೆ ಬೆಸುಗೆಯ ಪಿಸ್ತೂಲು ತಲುಪುವುದಿಲ್ಲವಾದ್ದರಿಂದ ಕೆಲವರು ಆ ಭಾಗವನ್ನು ಹಾಗೆಯೇ ಬಿಡುತ್ತಾರೆ. ಕಾಣದ ಈ ಅರೆಬೆಸುಗೆಯು ಮನೆಯಲ್ಲಿ ಮಾಡಿದ ಹೊರಪಂಜರಗಳ ಮತ್ತೊಂದು ಗಂಭೀರ ದೋಷ. ಚುಕ್ಕೆ ಬೆಸುಗೆಯ ನಂತರ ಮೇಲಿನ ಭಾಗವನ್ನು ವಾಹನದಿಂದ ಎತ್ತಿ ಕೆಳಗಿಟ್ಟು ಪೂರ್ಣ ಬೆಸುಗೆ ಮಾಡುವುದು ಇದಕ್ಕೆ ಸರಿಯಾದ ಕ್ರಮ.

ಬೆಸುಗೆಯನ್ನು ಅಂದಕ್ಕಾಗಿ ಉಜ್ಜಿ ನುಣುಪು ಮಾಡಿದರೆ ಸಂಧಿಯ ಲೋಹ ಕಡಿಮೆಯಾಗುತ್ತದೆ. ವಾಹನದ ಮೇಲೆ ಬೆಸುಗೆ ಮಾಡುವಾಗ ಬ್ಯಾಟರಿಯ ಸಂಪರ್ಕ ತೆಗೆಯುವುದು, ಇಂಧನದ ಟ್ಯಾಂಕು ಮತ್ತು ಕೊಳವೆಗಳಿಂದ ದೂರವಿರುವುದು ಅಥವಾ ಅವನ್ನು ಬಿಚ್ಚಿಡುವುದು, ಒಳಗಿನ ಬಟ್ಟೆ ಮತ್ತು ಫೋಮುಗಳನ್ನು ತೆಗೆಯುವುದು, ಅರ್ತ್ ಕ್ಲಾಂಪನ್ನು ಬೆಸೆಯುವ ಜಾಗದ ಹತ್ತಿರವೇ ಹಾಕುವುದು, ಬೆಂಕಿ ಆರಿಸುವ ಸಾಧನದೊಂದಿಗೆ ಇನ್ನೊಬ್ಬರು ಕಾವಲಿರುವುದು ಅವಶ್ಯಕ.

### ಪಾದಗಳು

ಬೋಲ್ಟಿನಿಂದ ಕೂರಿಸುವ ಪಾದಗಳಿಗೆ ಎಫ್‌ಐಎ ನಿಯಮವು ಕನಿಷ್ಠ 3 ಮಿ.ಮೀ. ದಪ್ಪದ, 120 ಚದರ ಸೆಂಟಿಮೀಟರ್ ವಿಸ್ತಾರದ ಬಲವರ್ಧಕ ತಗಡನ್ನೂ, ಎಂ8 ಅಳತೆಯ 8.8 ದರ್ಜೆಯ ಕನಿಷ್ಠ ಮೂರು ಬೋಲ್ಟುಗಳನ್ನೂ ಹೇಳುತ್ತದೆ. ದರ್ಜೆಯ ಗುರುತಿಲ್ಲದ ಬೋಲ್ಟುಗಳ ಬಲವನ್ನು ತಿಳಿಯುವ ಬಗೆಯಿಲ್ಲ.

## ತೂಕ ಮತ್ತು ಸ್ಥಿರತೆ

ಪಂಜರವು ಮಗುಚಿದ ಮೇಲೆ ಕಾಪಾಡುತ್ತದೆ. ಆದರೆ ಅದರ ತೂಕವೇ ವಾಹನವು ಮಗುಚುವ ಸಾಧ್ಯತೆಯನ್ನು ಹೆಚ್ಚಿಸುತ್ತದೆ. 45 ಮಿ.ಮೀ. ವ್ಯಾಸ, 2.5 ಮಿ.ಮೀ. ದಪ್ಪದ ಕೊಳವೆ ಮೀಟರಿಗೆ ಸುಮಾರು 2.6 ಕಿ.ಗ್ರಾಂ. ತೂಗುತ್ತದೆ. 20 ಮೀಟರ್ ಕೊಳವೆ ಮತ್ತು ತಗಡುಗಳು ಸೇರಿದರೆ ತೂಕ 60 ಕಿ.ಗ್ರಾಂ. ದಾಟಬಹುದು.

ಒಂದು ಲೆಕ್ಕವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. 1,600 ಕಿ.ಗ್ರಾಂ. ತೂಕದ, 1.4 ಮೀಟರ್ ಚಕ್ರಾಂತರದ ವಾಹನದ ಗುರುತ್ವ ಕೇಂದ್ರವು ನೆಲದಿಂದ 70 ಸೆಂ.ಮೀ. ಎತ್ತರದಲ್ಲಿದೆ ಎಂದುಕೊಂಡರೆ, ಸಿದ್ಧಾಂತದಂತೆ ಅದು 45 ಡಿಗ್ರಿ ಅಡ್ಡ ಇಳಿಜಾರಿನಲ್ಲಿ ಮಗುಚುತ್ತದೆ. ಸರಾಸರಿ 1.5 ಮೀಟರ್ ಎತ್ತರದಲ್ಲಿ 60 ಕಿ.ಗ್ರಾಂ. ಪಂಜರ ಸೇರಿದಾಗ ಗುರುತ್ವ ಕೇಂದ್ರವು ಸುಮಾರು 3 ಸೆಂ.ಮೀ. ಮೇಲೇರಿ, ಮಗುಚುವ ಕೋನ ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ಪಂಜರವಿದೆಯಲ್ಲಾ ಎಂದು ಅದರ ಮೇಲೆ, 2 ಮೀಟರ್ ಎತ್ತರದಲ್ಲಿ, 100 ಕಿ.ಗ್ರಾಂ. ಸಾಮಾನು ಹೇರಿದರೆ ಕೋನವು ಸುಮಾರು 41 ಡಿಗ್ರಿಗೆ ಇಳಿಯುತ್ತದೆ. ಸ್ಪ್ರಿಂಗು ಮತ್ತು ಟೈರುಗಳು ಅದುಮುವುದರಿಂದ ವಾಸ್ತವದ ಕೋನಗಳು ಇನ್ನೂ ಕಡಿಮೆ. ಪಂಜರಕ್ಕಿಂತ ಪಂಜರದ ಮೇಲಿನ ಹೊರೆ ಹೆಚ್ಚು ಅಪಾಯಕಾರಿ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

## ಒಳಪಂಜರದೊಂದಿಗೆ ಹೋಲಿಕೆ

ಒಳಪಂಜರವು ಹೆಲ್ಮೆಟ್ ಮತ್ತು ಬಹುಬಿಂದು ಬೆಲ್ಟು ಧರಿಸಿದ ಸ್ಪರ್ಧಿಗಾಗಿ ರೂಪಿತವಾದುದು. ದಿನನಿತ್ಯದ ಓಡಾಟದಲ್ಲಿ ಹೆಲ್ಮೆಟ್ ಇಲ್ಲದ ತಲೆಗೆ ಅದರ ಕೊಳವೆಯೇ ಅಪಾಯ; ಸಣ್ಣ ಅಪಘಾತದಲ್ಲಿಯೂ ತಲೆಯು ಉಕ್ಕಿಗೆ ಬಡಿಯಬಹುದು. ಹೊರಪಂಜರದಲ್ಲಿ ಈ ತೊಂದರೆ ಇಲ್ಲ. ಒಳಗಿನ ಜಾಗ ಉಳಿಯುತ್ತದೆ, ಹಿಂದಿನ ಆಸನಗಳು ಬಳಕೆಗೆ ಸಿಗುತ್ತವೆ, ಮರದ ಕೊಂಬೆ ಮತ್ತು ಬಂಡೆಗಳಿಂದ ಮೈಗೂ ರಕ್ಷಣೆ ದೊರೆಯುತ್ತದೆ. ಮತ್ತೊಂದೆಡೆ, ಹೊರಪಂಜರವು ವಾಹನವನ್ನು ಅಗಲವಾಗಿಸುತ್ತದೆ, ಇಕ್ಕಟ್ಟಿನಲ್ಲಿ ಮರಗಳಿಗೆ ಸಿಕ್ಕಿಕೊಳ್ಳುತ್ತದೆ, ಗಾಳಿಯ ಸದ್ದನ್ನು ಹೆಚ್ಚಿಸುತ್ತದೆ. ಮುಂದಿನ ಕಂಬದ ಪಕ್ಕದ ಕೊಳವೆಯು ಚಾಲಕನಿಗೆ ಕಾಣದ ಭಾಗವನ್ನು ಹಿಗ್ಗಿಸುತ್ತದೆ. ಭುಜದ ಬೆಲ್ಟುಗಳನ್ನು ಕಟ್ಟಲು ಒಳಪಂಜರ ಒದಗಿಸುವ ಆಧಾರವೂ ಇದರಲ್ಲಿ ಸಿಗುವುದಿಲ್ಲ.

## ಮಿತಿಗಳು

ಪಂಜರವು ಒಳಗಿನ ಜಾಗವನ್ನು ಉಳಿಸುತ್ತದೆಯೇ ಹೊರತು ಮನುಷ್ಯನನ್ನು ಆ ಜಾಗದಲ್ಲಿ ಹಿಡಿದಿಡುವುದಿಲ್ಲ. ಆ ಕೆಲಸ ಸೀಟು ಬೆಲ್ಟಿನದು. ಬೆಲ್ಟು ಧರಿಸದವನು ಮಗುಚುವ ವಾಹನದಿಂದ ಹೊರಗೆಸೆಯಲ್ಪಟ್ಟು ಪಂಜರದ ಕೊಳವೆಯಡಿಯಲ್ಲಿಯೇ ಸಿಲುಕಬಹುದು. ವಾಹನ ವಾಲುವಾಗ ಕೈಯನ್ನು ಕಿಟಕಿಯಿಂದ ಹೊರಚಾಚಿ ಕೊಳವೆಯನ್ನು ಹಿಡಿಯುವುದು ಸಹಜ ಪ್ರತಿಕ್ರಿಯೆ. ಇದರಿಂದ ಕೊಳವೆಗೂ ನೆಲಕ್ಕೂ ನಡುವೆ ಕೈ ಜಜ್ಜಿಹೋಗುವ ಅಪಾಯವಿದೆ. ಸ್ಪರ್ಧೆಗಳಲ್ಲಿ ಕಿಟಕಿಗೆ ಬಲೆ ಕಟ್ಟುವುದು ಇದನ್ನು ತಡೆಯುವುದಕ್ಕೇ.

ಮುಂಭಾಗದ ಬಂಪರಿಗೂ ಚಾಸಿಯ ತುದಿಗೂ ಬಿಗಿದ ಗಟ್ಟಿ ಕೊಳವೆಗಳು, ಅಪ್ಪಳಿಕೆಯಲ್ಲಿ ಮಡಚಿಕೊಂಡು ಪೆಟ್ಟನ್ನು ಹೀರಬೇಕಾದ ಭಾಗಗಳನ್ನು ನಿಷ್ಕ್ರಿಯಗೊಳಿಸುತ್ತವೆ. ಏರ್‌ಬ್ಯಾಗು ತೆರೆಯುವ ಸಮಯವೂ ಏರುಪೇರಾಗಬಹುದು. ಪಾದಚಾರಿಗಳಿಗೆ ಮತ್ತು ದ್ವಿಚಕ್ರ ಸವಾರರಿಗೆ ಹೊರಚಾಚಿದ ಉಕ್ಕು ಹೆಚ್ಚಿನ ಗಾಯವನ್ನುಂಟುಮಾಡುತ್ತದೆ. ಪಂಜರವಿದೆ ಎಂಬ ಧೈರ್ಯದಿಂದ ಚಾಲಕನು ಹೆಚ್ಚಿನ ಅಪಾಯಕ್ಕೆ ಕೈಹಾಕುವುದೂ ಒಂದು ಮಿತಿಯೇ.

## ಭಾರತದಲ್ಲಿ

ಭಾರತದಲ್ಲಿ ಮೋಟಾರು ಸ್ಪರ್ಧೆಗಳು ಎಫ್‌ಎಂಎಸ್‌ಸಿಐ ಎಂಬ ಒಕ್ಕೂಟದ ನಿಯಮಗಳಿಗೆ ಒಳಪಟ್ಟಿವೆ. ರ‍್ಯಾಲಿ ವಾಹನಗಳಿಗೆ ಪಂಜರವು ಕಡ್ಡಾಯ. ಬೆಂಗಳೂರಿನ ಕೆ-1000ದಂತಹ ರ‍್ಯಾಲಿಗಳಲ್ಲಿ ಓಡುವ ಕಾರುಗಳಿಗೆ ಸ್ಪರ್ಧೆಯ ಮುನ್ನ ತಪಾಸಣೆ ನಡೆಯುತ್ತದೆ. 2014ರಲ್ಲಿ ಗೋವಾದಲ್ಲಿ ಆರಂಭವಾದ ರೇನ್‌ಫಾರೆಸ್ಟ್ ಚಾಲೆಂಜ್‌ನ ಭಾರತೀಯ ಆವೃತ್ತಿಯು ಮಳೆಗಾಲದ ಕೆಸರಿನಲ್ಲಿ ನಡೆಯುವ ಕಾಡುದಾರಿ ಸ್ಪರ್ಧೆಗಳಿಗೆ ಹೊಸ ಆಸಕ್ತಿಯನ್ನು ತಂದಿತು. 2020ರಲ್ಲಿ ಬಂದ ಮಹೀಂದ್ರ ಥಾರ್‌ನ ಎರಡನೆಯ ತಲೆಮಾರಿನ ಮಾದರಿಯಲ್ಲಿ ಕಂಪನಿಯೇ ಒಳಗೆ ಪಂಜರವನ್ನು ಅಳವಡಿಸಿದೆ.

ಸಾರ್ವಜನಿಕ ರಸ್ತೆಗೆ ಬರುವ ವಾಹನದ ವಿಷಯ ಬೇರೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ವಾಹನದ ಮಾರ್ಪಾಡುಗಳನ್ನು ನಿರ್ಬಂಧಿಸುತ್ತದೆ. ತಯಾರಕರು ಮೂಲತಃ ನಿಗದಿಪಡಿಸಿ ನೋಂದಣಿ ಪತ್ರದಲ್ಲಿ ನಮೂದಾಗಿರುವ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ತೀರ್ಪಿತ್ತಿತು. ಅದಕ್ಕೆ ಮೊದಲು, 2017ರ ಡಿಸೆಂಬರಿನಲ್ಲಿ, ಕೇಂದ್ರ ರಸ್ತೆ ಸಾರಿಗೆ ಸಚಿವಾಲಯವು ವಾಹನಗಳ ಮುಂದೆ ಕೂರಿಸುವ ಕ್ರ್ಯಾಶ್ ಗಾರ್ಡ್ ಮತ್ತು ಬುಲ್ ಬಾರ್‌ಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಸೂಚಿಸಿತ್ತು. ಕಾಯಿದೆಗೆ 2019ರಲ್ಲಿ ಸೇರಿದ 182ಎ ಕಲಮಿನಂತೆ, ಅನುಮತಿಯಿಲ್ಲದೆ ವಾಹನವನ್ನು ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ, ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದು. ಅನಧಿಕೃತ ಮಾರ್ಪಾಡು ವಿಮೆಯ ಪರಿಹಾರಕ್ಕೂ ತೊಡಕಾಗಬಹುದು. ಆದ್ದರಿಂದ ಹೊರಪಂಜರವಿರುವ ಸ್ಪರ್ಧಾ ವಾಹನಗಳನ್ನು ಲಾರಿಯ ಮೇಲೆ ಸ್ಪರ್ಧೆಯ ಸ್ಥಳಕ್ಕೆ ಸಾಗಿಸುವುದುಂಟು.

## ನಿರ್ವಹಣೆ

ಕೊಳವೆಗಳ ತೆರೆದ ತುದಿಗಳನ್ನು ತಗಡಿನಿಂದ ಮುಚ್ಚಿ ಬೆಸೆಯದಿದ್ದರೆ ಒಳಗೆ ನೀರು ಸೇರಿ, ಹೊರಗೆ ಬಣ್ಣ ಹೊಳೆಯುತ್ತಿದ್ದರೂ ಒಳಗಿನಿಂದ ತುಕ್ಕು ತಿನ್ನುತ್ತದೆ. ದೀಪಗಳನ್ನು ಕೂರಿಸಲು ಕೊಳವೆಗೆ ತೂತು ಕೊರೆಯುವುದರಿಂದಲೂ ಇದೇ ಹಾನಿ. ಅದರ ಬದಲು ಕ್ಲಾಂಪು ಬಳಸಬೇಕು. ಪೌಡರ್ ಕೋಟಿಂಗ್‌ನ ದಪ್ಪ ಪದರವು ಬಿರುಕನ್ನು ಮರೆಮಾಡುವುದರಿಂದ, ಬಿರುಕು ಸುಲಭವಾಗಿ ಕಾಣುವ ತೆಳುವಾದ ಸಾದಾ ಬಣ್ಣವನ್ನು ಅನೇಕರು ಮೆಚ್ಚುತ್ತಾರೆ.

ಪ್ರತಿ ಕಠಿಣ ಪ್ರಯಾಣದ ನಂತರ ಪಾದಗಳ ಬೋಲ್ಟುಗಳ ಬಿಗಿತವನ್ನೂ ಬೆಸುಗೆಯ ಅಂಚುಗಳನ್ನೂ ಪರೀಕ್ಷಿಸಬೇಕು. ಕಣ್ಣಿಗೆ ಕಾಣದ ಬಿರುಕುಗಳನ್ನು ಗುರುತಿಸಲು ಬಣ್ಣದ ದ್ರಾವಣವನ್ನು ಹಚ್ಚಿ ಒರೆಸುವ ಡೈ ಪೆನೆಟ್ರಂಟ್ ಪರೀಕ್ಷೆ ಉಪಯುಕ್ತ. ಒಮ್ಮೆ ಮಗುಚಿ ಬಾಗಿದ ಕೊಳವೆಯನ್ನು ಬಿಸಿಮಾಡಿ ನೆಟ್ಟಗೆ ಮಾಡಿದರೆ ಅದರ ಮೊದಲಿನ ಬಲ ಮರಳುವುದಿಲ್ಲ. ಅದನ್ನು ಕತ್ತರಿಸಿ ತೆಗೆದು ಹೊಸ ಕೊಳವೆಯನ್ನು ಹಾಕಬೇಕು. ಪಾದಗಳ ಬಳಿ ಚಾಸಿ ತಿರುಚಿದ್ದರೆ ಪಂಜರದ ದುರಸ್ತಿಗೆ ಮೊದಲು ಚಾಸಿಯ ದುರಸ್ತಿಯಾಗಬೇಕು.